ಹಾಸಿಗೆಗೆ ಹಣವುಂಟು, ಎಣಿಕೆಗೆ ಇಲ್ಲ

2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ ನೀಡಿದ ತೀರ್ಪನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 'ಗ್ಲಿವೆಕ್' ಎಂಬ ಮಾತ್ರೆಗೆ ನೊವಾರ್ಟಿಸ್ ಕಂಪನಿ ಕೇಳಿದ್ದ ಪೇಟೆಂಟನ್ನು ನ್ಯಾಯಾಲಯ ಅಂದು ನಿರಾಕರಿಸಿತು. ಈಗಾಗಲೇ ಗೊತ್ತಿರುವ ವಸ್ತುವಿನ ರೂಪವನ್ನಷ್ಟೇ ಬದಲಿಸಿದರೆ ಸಾಲದು, ಅದರಿಂದ ರೋಗ ಗುಣಪಡಿಸುವ ಶಕ್ತಿ ಹೆಚ್ಚಿದೆಯೆಂದು ತೋರಿಸಬೇಕು ಎಂಬುದು ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಸಾರ. ಚೆನ್ನೈ ಪೇಟೆಂಟ್ ಕಚೇರಿ 2006ರ ಜನವರಿಯಲ್ಲೇ ಈ ಅರ್ಜಿಯನ್ನು ತಿರಸ್ಕರಿಸಿತ್ತು. ಏಳು ವರ್ಷಗಳ ವ್ಯಾಜ್ಯದ ನಂತರ ಅದೇ ನಿಂತಿತು. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ; ಭಾರತದ ಕಂಪನಿಗಳು ತಯಾರಿಸುತ್ತಿದ್ದ ಅದೇ ಔಷಧಕ್ಕೆ ಎಂಟು-ಹತ್ತು ಸಾವಿರ.

ನಾನು ಆ ಮಾತ್ರೆಯನ್ನು ನುಂಗುತ್ತ ಹತ್ತು ವರ್ಷ ದಾಟಿದ ರೋಗಿ. ಆದ್ದರಿಂದ ಆ ತೀರ್ಪಿನ ಬಗ್ಗೆ ನನಗಿರುವ ಅಭಿಮಾನ ಕೇವಲ ಶಾಸ್ತ್ರೀಯವಾದುದಲ್ಲ. ಆದರೆ ಔಷಧದ ಬೆಲೆಯ ಹೋರಾಟದಲ್ಲಿ ಗೆದ್ದ ನಾವು ಅದರ ಪಕ್ಕದಲ್ಲೇ ಇದ್ದ ಮತ್ತೊಂದು ಪ್ರಶ್ನೆಯನ್ನು ಮರೆತೆವೆಂದು ಇತ್ತೀಚಿನ ವರ್ಷಗಳಲ್ಲಿ ನನಗೆ ಬಲವಾಗಿ ಅನ್ನಿಸುತ್ತಿದೆ. ಈ ಕಾಯಿಲೆಯವರು ಬದುಕುವುದು ಮಾತ್ರೆಯೊಂದರಿಂದಲೇ ಅಲ್ಲ. ಮಾತ್ರೆಯ ಜೊತೆಗೆ ಜೀವಮಾನವಿಡೀ ನಡೆಯುವ ಎಣಿಕೆಯಿಂದ.

ಎಣಿಕೆಯೆಂದರೆ ರಕ್ತದ ಬಿಳಿ ಕಣಗಳ ಎಣಿಕೆ. ಆರೋಗ್ಯವಂತ ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಒಂದು ಹನಿಗಿಂತ ಎಷ್ಟೋ ಚಿಕ್ಕ ಪ್ರಮಾಣದಲ್ಲಿ, ಇವು ಸುಮಾರು 4,000ದಿಂದ 11,000 ಇರುತ್ತವೆ. ಸೋಂಕಿನ ವಿರುದ್ಧ ದೇಹದ ಕಾವಲು ಪಡೆ ಇದು. ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ ಎಂಬ ನಿಧಾನಗತಿಯ ರಕ್ತದ ಕ್ಯಾನ್ಸರಿನಲ್ಲಿ ಅಸ್ಥಿಮಜ್ಜೆ ಈ ಕಣಗಳನ್ನು ಲೆಕ್ಕವಿಲ್ಲದೆ ತಯಾರಿಸತೊಡಗುತ್ತದೆ. ರೋಗ ಪತ್ತೆಯಾಗುವ ಹೊತ್ತಿಗೆ ಎಣಿಕೆ ಲಕ್ಷ ದಾಟಿರುವುದು ಸಾಮಾನ್ಯ. 2015ರಲ್ಲಿ, ಇನ್ನೂ ಸೇವೆಯಲ್ಲಿದ್ದಾಗ, ನನ್ನದು 1,68,000 ಇತ್ತು. ಹೊಟ್ಟೆಯ ಎಡಭಾಗ ಭಾರವೆನ್ನಿಸುತ್ತಿದ್ದುದನ್ನು ಕುಳಿತೇ ಮಾಡುವ ನೌಕರಿಯ ಫಲವೆಂದು ತಿಳಿದಿದ್ದೆ, ಊದಿಕೊಂಡಿದ್ದುದು ಗುಲ್ಮ. ಹಳೆಯ ಕಾಲದಲ್ಲಾಗಿದ್ದರೆ ಮೂರರಿಂದ ಐದು ವರ್ಷಗಳೊಳಗೆ ರೋಗ ಉಲ್ಬಣಿಸಿ ಮುಗಿದುಹೋಗುತ್ತಿತ್ತು.

ಹಾಗಾಗದಿರುವುದಕ್ಕೆ ವಿಜ್ಞಾನದ ದೀರ್ಘ ಪರಿಶ್ರಮವಿದೆ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಕಣಗಳಲ್ಲಿ ಅಸಹಜವಾಗಿ ಗಿಡ್ಡನೆಯ ವರ್ಣತಂತುವೊಂದನ್ನು ಕಂಡರು. 9ನೆಯ ಮತ್ತು 22ನೆಯ ವರ್ಣತಂತುಗಳ ತುಂಡುಗಳು ಪರಸ್ಪರ ಅದಲು ಬದಲಾಗಿರುವುದೇ ಇದಕ್ಕೆ ಕಾರಣವೆಂದು ಜ್ಯಾನೆಟ್ ರೌಲಿ 1973ರಲ್ಲಿ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವ ಕಿಣ್ವವನ್ನಷ್ಟೇ ತಡೆಯುವ ಇಮಾಟಿನಿಬ್ ಎಂಬ ಔಷಧಕ್ಕೆ 2001ರಲ್ಲಿ ಅಮೆರಿಕ ಅನುಮತಿ ನೀಡಿತು. ಅದರ ವೈದ್ಯಕೀಯ ಪ್ರಯೋಗದ ಮುಂದಾಳು ಬ್ರಯನ್ ಡ್ರೂಕರ್. ಗ್ಲಿವೆಕ್ ಎಂದರೆ ಇದೇ. ಮೊದಲ ಪ್ರಯೋಗಗಳಲ್ಲಿ ಈ ಮಾತ್ರೆಯಿಂದಲೇ ಚಿಕಿತ್ಸೆ ಆರಂಭಿಸಿದವರಲ್ಲಿ ಹತ್ತು ವರ್ಷಗಳ ನಂತರವೂ ಬದುಕಿದ್ದವರ ಪ್ರಮಾಣ ಶೇ 83ರಷ್ಟು. ಕೊಲ್ಲುವ ಕಾಯಿಲೆಯಾಗಿದ್ದುದು ಹೀಗೆ ಸಕ್ಕರೆ ಕಾಯಿಲೆಯಂತೆ ಜೊತೆಗಿಟ್ಟುಕೊಂಡು ಬಾಳಬಹುದಾದ ಕಾಯಿಲೆಯಾಯಿತು.

ಬಾಳುವುದೆಂದರೆ ಹೇಗೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ವಾರಕ್ಕೊಮ್ಮೆ ಇಲ್ಲವೇ ಹದಿನೈದು ದಿನಕ್ಕೊಮ್ಮೆ ರಕ್ತ ಕೊಡಬೇಕು. ಒಂದೆರಡು ತಿಂಗಳಲ್ಲಿ ಎಣಿಕೆ ಸಾಮಾನ್ಯ ಮಟ್ಟಕ್ಕೆ ಇಳಿಯುತ್ತದೆ. ಕೆಲವರಲ್ಲಿ ಅಲ್ಲಿಗೇ ನಿಲ್ಲದೆ ಇನ್ನೂ ಕೆಳಗಿಳಿಯುತ್ತದೆ. ಬಿಳಿ ಕಣಗಳಲ್ಲಿ ಸೋಂಕನ್ನು ಮೊದಲು ಎದುರಿಸುವ ನ್ಯೂಟ್ರೋಫಿಲ್‌ಗಳು 1,000ಕ್ಕಿಂತ ಕಡಿಮೆಯಾದರೆ ವೈದ್ಯರು ಔಷಧವನ್ನೇ ನಿಲ್ಲಿಸಿ, 1,500 ದಾಟಿದ ಮೇಲೆ ಮತ್ತೆ ಆರಂಭಿಸುತ್ತಾರೆ. ರೋಗ ಹೆಚ್ಚಾದರೆ ಎಣಿಕೆ ಏರುತ್ತದೆ, ಮದ್ದು ಹೆಚ್ಚಾದರೆ ಇಳಿಯುತ್ತದೆ. ಈ ಎರಡರ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ನಡೆಯುವುದೇ ಚಿಕಿತ್ಸೆ. ಮೊದಲ ವರ್ಷ ನನ್ನ ಔಷಧ ಎರಡು ಬಾರಿ ನಿಂತಿತು. ಆ ದಿನಗಳಲ್ಲಿ ಮದುವೆ-ಮುಂಜಿಗಳಿಗೆ ಹೋಗುವಂತಿರಲಿಲ್ಲ; ಹೋದರೂ ಎಲೆಯ ತುದಿಯ ಕೋಸಂಬರಿಯನ್ನು ಮುಟ್ಟುವಂತಿರಲಿಲ್ಲ. ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕಿತ್ತು. ಸಾಮಾನ್ಯನಿಗೆ ನೆಗಡಿ-ಜ್ವರವಾದುದು ನ್ಯೂಟ್ರೋಫಿಲ್ ಕುಸಿದವನಿಗೆ ಪ್ರಾಣಾಪಾಯವಾಗಬಲ್ಲದು.

ಎಣಿಕೆ ಮನೆಯೊಳಗೂ ಪ್ರವೇಶಿಸುತ್ತದೆ. ಭಾಮೈದ ಫೋನು ಮಾಡಿದರೆ ಕ್ಷೇಮಸಮಾಚಾರ ಕೇಳುವುದಿಲ್ಲ, "ಭಾವ, ಈ ಸಲ ಎಷ್ಟು ಬಂತು?" ಎನ್ನುತ್ತಾನೆ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಕೇಳುವ ಧಾಟಿಯಲ್ಲಿ. ನೆರೆಹೊರೆಯವರು ಪರಂಗಿ ಎಲೆಯ ರಸವನ್ನು ಸೂಚಿಸುತ್ತಾರೆ. ಅದು ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಹೆಚ್ಚಿಸಲೆಂದು ಜನ ಕುಡಿಯುವುದು, ನನ್ನ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ ಎಂದರೆ ಕೇಳುವವರಿಲ್ಲ. ವರದಿಗಳದೂ ಒಂದು ಕಥೆ. ಒಂದು ಪ್ರಯೋಗಾಲಯ 6,800 ಎಂದು ಮುದ್ರಿಸಿದರೆ ಮತ್ತೊಂದು 6.8 ಎಂದಷ್ಟೇ ಮುದ್ರಿಸುತ್ತದೆ, ಸಾವಿರದ ಲೆಕ್ಕದಲ್ಲಿ. ನಿಮಗೆ ಗೊತ್ತಿಲ್ಲದಿದ್ದರೆ ಎದೆ ಧಸಕ್ಕೆನ್ನುತ್ತದೆ. ಮೇಲಾಗಿ ಎಣಿಕೆಯೆಂಬುದು ಸ್ಥಿರವಾದುದಲ್ಲ. ಒಂದು ನೆಗಡಿ, ಒಂದು ಸ್ಟೆರಾಯ್ಡ್ ಮಾತ್ರೆ, ಹೆಚ್ಚಿನ ದೈಹಿಕ ಆಯಾಸ ಸಾಕು, ಅದು ಏರಲು. ಬೆಲೆ ಸೂಚ್ಯಂಕದ ಒಂದು ತಿಂಗಳ ಅಂಕಿ ಹಿಡಿದು ಹಣದುಬ್ಬರದ ಬಗ್ಗೆ ತೀರ್ಪು ಕೊಡುವವರನ್ನು ನಾವು ಅರ್ಥಶಾಸ್ತ್ರದ ತರಗತಿಗಳಲ್ಲಿ ನಗೆಯಾಡುತ್ತಿದ್ದೆವು. ಇಲ್ಲಿಯೂ ಒಂದು ಅಂಕಿ ಹೇಳುವುದು ಕಡಿಮೆ; ಸಾಲಾಗಿ ಹತ್ತು ಅಂಕಿಗಳನ್ನಿಟ್ಟಾಗ ರೇಖೆ ಯಾವ ಕಡೆ ಹೊರಟಿದೆಯೆಂದು ಕಾಣುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಕಾಯಿಲೆಯಲ್ಲಿ ಅತ್ಯಂತ ಅಪಾಯಕಾರಿ ಸಂಖ್ಯೆ 1,68,000 ಅಲ್ಲ, 6,800. ಕೆಲವು ವರ್ಷಗಳ ಹಿಂದೆ ಹೊರರೋಗಿ ವಿಭಾಗದ ಸರದಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಯಾದಗಿರಿ ಕಡೆಯ ರೈತರೊಬ್ಬರು ಕೇಳಿದರು: "ಸಾಹೇಬ್ರ, ಕೌಂಟ್ ನಾರ್ಮಲ್ ಅದ ಅಂತ ಡಾಕ್ಟ್ರು ಹೇಳ್ಯಾರ್ರಿ. ಮತ್ತ ಗುಳಿಗಿ ಯಾಕ ನುಂಗಬೇಕ್ರಿ?" ಅವರಿಗೆ ನಲವತ್ತು ತುಂಬಿರಲಿಲ್ಲ. ಪಶ್ಚಿಮದ ದೇಶಗಳಲ್ಲಿ ಅರವತ್ತರ ಆಸುಪಾಸಿನಲ್ಲಿ ಬರುವ ಈ ರೋಗ ನಮ್ಮಲ್ಲಿ ಮೂವತ್ತು-ನಲವತ್ತರ ಪ್ರಾಯದವರಲ್ಲೇ ಹೆಚ್ಚಾಗಿ ಕಾಣುತ್ತದೆ, ಅಂದರೆ ದುಡಿಯುವ ವಯಸ್ಸಿನಲ್ಲಿ. ಅವರ ಪ್ರಶ್ನೆ ಅಜ್ಞಾನದ್ದಲ್ಲ, ಪೂರ್ಣ ತರ್ಕಬದ್ಧವಾದುದು. ನೋವಿಲ್ಲ, ಜ್ವರವಿಲ್ಲ, ವರದಿ ಸರಿಯಾಗಿದೆ; ಇತ್ತ ಮಾತ್ರೆಯಿಂದ ಕಣ್ಣ ರೆಪ್ಪೆ ಊದುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಯಾರಾದರೂ ಅದನ್ನೇ ಕೇಳಿಯಾರು.

ಅದಕ್ಕೆ ಉತ್ತರ ಬಿಳಿ ಕಣಗಳ ಎಣಿಕೆಯಲ್ಲಿಲ್ಲ. ಎಣಿಕೆ ಸಾಮಾನ್ಯವಾದ ಮೇಲೂ ರೋಗದ ಬೀಜ ಮಜ್ಜೆಯಲ್ಲಿ ಉಳಿದಿರುತ್ತದೆ. ಅದನ್ನು ಅಳೆಯಲು ಬಿಸಿಆರ್-ಎಬಿಎಲ್ ಎಂಬ ವಂಶವಾಹಿ ಪರೀಕ್ಷೆಯಿದೆ. ಅದನ್ನು ಮೊದಲು ಮೂರು ತಿಂಗಳಿಗೊಮ್ಮೆ, ಫಲಿತಾಂಶ ಸ್ಥಿರವಾದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಿಸಬೇಕು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುವಂಥದು. ಹೇಳಿದ ಪ್ರಮಾಣದ ಶೇ 90ಕ್ಕಿಂತ ಹೆಚ್ಚು ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡವರಲ್ಲಿ ಆರು ವರ್ಷಗಳ ಹೊತ್ತಿಗೆ ರೋಗ ವಂಶವಾಹಿ ಮಟ್ಟದಲ್ಲೂ ಹತೋಟಿಗೆ ಬರುವ ಸಂಭವ ಶೇ 94.5, ಅಷ್ಟು ತೆಗೆದುಕೊಳ್ಳದವರಲ್ಲಿ ಶೇ 28.4. ತಿಂಗಳಿಗೆ ಮೂರು ದಿನ ಮರೆತರೆ ಸಾಕು, ಮೊದಲ ಗುಂಪಿನಿಂದ ಎರಡನೆಯದಕ್ಕೆ ಬಿದ್ದಂತೆ. ಬಿಳಿ ಕಣಗಳ ಎಣಿಕೆ ಈ ಎರಡು ಗುಂಪುಗಳ ನಡುವಿನ ವ್ಯತ್ಯಾಸವನ್ನು ಬಹುಕಾಲ ಮುಚ್ಚಿಡುತ್ತದೆ. ಅದು ಮತ್ತೆ ಏರಿ ಕಾಣಿಸಿಕೊಳ್ಳುವ ಹೊತ್ತಿಗೆ ಹಳೆಯ ಮಾತ್ರೆ ಕೆಲಸ ಮಾಡದೆ ಹೋಗಬಹುದು. ಮುಂದಿನ ಹಂತದ ಔಷಧಗಳಿಗೆ ಹೆಚ್ಚು ದುಡ್ಡು.

ಹೀಗೆ ನಿಗಾ ಇಡುವುದಕ್ಕೆ ಯಾರು ಹಣ ಕೊಡುತ್ತಾರೆ? ಇಲ್ಲಿ ನನ್ನ ಹಳೆಯ ವೃತ್ತಿಯ ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಕರ್ನಾಟಕ ಈ ಕ್ಷೇತ್ರದಲ್ಲಿ ಹಿಂದುಳಿದ ರಾಜ್ಯವಲ್ಲ. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂತು. ಅದರ ಕೇಂದ್ರದಲ್ಲಿದ್ದುದು ಶಸ್ತ್ರಚಿಕಿತ್ಸೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಲಕ್ಷಾಂತರ ಕುಟುಂಬಗಳನ್ನು ಸಾಲದಿಂದ ಉಳಿಸಿರುವ ಈ ಯೋಜನೆಗಳನ್ನು ಹಳಿಯುವುದು ಕೃತಘ್ನತೆ. ಆದರೆ ಇವೆಲ್ಲದರ ಅಡಿಪಾಯದಲ್ಲಿರುವ ಕಲ್ಪನೆ ಒಂದೇ: ಕಾಯಿಲೆಯೆಂದರೆ ಒಂದು ಘಟನೆ. ದಾಖಲಾಗುವುದು, ಚಿಕಿತ್ಸೆ, ಬಿಡುಗಡೆ. ಕೇಂದ್ರದ ಯೋಜನೆ ದಾಖಲಾತಿಗೆ ಮೊದಲಿನ ಮೂರು ದಿನ ಮತ್ತು ಬಿಡುಗಡೆಯ ನಂತರದ ಹದಿನೈದು ದಿನಗಳ ವೆಚ್ಚವನ್ನು ಸೇರಿಸಿಕೊಳ್ಳುತ್ತದೆ. ಹದಿನಾರನೆಯ ದಿನದಿಂದ ಮುಂದಿನ ಮೂವತ್ತು ವರ್ಷಗಳ ಮಾತೇನು? ಕ್ಯಾನ್ಸರಿನ ಪ್ಯಾಕೇಜುಗಳಲ್ಲಿ ಕೆಲವು ಔಷಧಗಳೂ ಸೇರಿವೆಯೆಂಬುದು ನಿಜ, ಒಪ್ಪುತ್ತೇನೆ. ಎಣಿಕೆ, ವಂಶವಾಹಿ ಪರೀಕ್ಷೆ, ಅವುಗಳಿಗಾಗಿ ಮಾಡುವ ಪ್ರಯಾಣ ಬಹುಪಾಲು ಹೊರಗೇ ಉಳಿದಿವೆ.

ಖಾಸಗಿ ವಿಮೆಯ ತರ್ಕವೂ ಇದಕ್ಕಿಂತ ಭಿನ್ನವಲ್ಲ. ಸೇವೆಯಲ್ಲಿದ್ದಾಗಲೇ ನಾನು ಕೊಂಡಿದ್ದ ಪಾಲಿಸಿಯ ಕಂಪನಿ, ನಿವೃತ್ತಿಯ ನಂತರ ನಾನು ಸಲ್ಲಿಸಿದ ಪರೀಕ್ಷಾ ಬಿಲ್ಲುಗಳನ್ನು 'ಆಸ್ಪತ್ರೆಗೆ ದಾಖಲಾಗಿಲ್ಲ' ಎಂಬ ಒಂದು ಸಾಲಿನ ಷರಾದೊಂದಿಗೆ ಹಿಂತಿರುಗಿಸಿತು. ಷರಾ ಬರೆದೇ ಬದುಕಿದವನಿಗೆ ಅದರಲ್ಲಿ ಆಕ್ಷೇಪಿಸಲು ಏನೂ ಕಾಣಲಿಲ್ಲ. ನಿಯಮ ಹಾಗೆಯೇ ಇತ್ತು. ಆದರೆ ಏಜೆಂಟರ ಸಲಹೆ ಕುತೂಹಲಕಾರಿಯಾಗಿತ್ತು: "ಮುಂದಿನ ಸಲ ಒಂದು ದಿನ ಅಡ್ಮಿಟ್ ಆಗಿಬಿಡಿ ಸಾರ್." ನಡೆದಾಡಿಕೊಂಡಿರುವ ಮನುಷ್ಯ ಹಾಸಿಗೆಯಲ್ಲಿ ಮಲಗಿದರೆ ಹಣ ಸಿಗಬಹುದು, ಹಾಸಿಗೆಯಿಂದ ದೂರ ಉಳಿಯಲು ಬೇಕಾದ ಪರೀಕ್ಷೆಗೆ ಸಿಗುವುದಿಲ್ಲ. ಇಂಥ ತಿರುವುಮುರುವು ಪ್ರೋತ್ಸಾಹವನ್ನು ಎಂ.ಎ. ತರಗತಿಯ ಪರೀಕ್ಷೆಯಲ್ಲಿ ಉದಾಹರಣೆಯಾಗಿ ಬರೆದಿದ್ದರೆ ಅಧ್ಯಾಪಕರು ಕೃತಕವೆಂದು ಹೊಡೆದುಹಾಕುತ್ತಿದ್ದರು.

ಸರ್ಕಾರದ ಲೆಕ್ಕಪತ್ರಗಳಲ್ಲಿ ದೀರ್ಘಕಾಲ ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ವಿಭಜನೆಯಿತ್ತು. ಕೇಂದ್ರ ಮುಂಗಡಪತ್ರದಲ್ಲಿ 2017-18ರಿಂದ ಅದು ಹೋಯಿತು. ಹೋಗಿದ್ದು ಪುಸ್ತಕದಿಂದ, ಮನಸ್ಸಿನಿಂದ ಅಲ್ಲ. ಕಟ್ಟಡ, ಯಂತ್ರ, ಹಾಸಿಗೆಗಳು ಅಭಿವೃದ್ಧಿ. ರಾಸಾಯನಿಕ, ಸಿರಿಂಜು, ಪ್ರಯೋಗಾಲಯ ತಂತ್ರಜ್ಞರ ಸಂಬಳ ಹೊರೆ ಎಂಬ ಭಾವನೆ ಕಡತಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಎಣಿಕೆಯ ಯಂತ್ರವನ್ನು ಉದ್ಘಾಟಿಸಬಹುದು. ಮೂರು ತಿಂಗಳಿಗೊಮ್ಮೆ ಬೇಕಾಗುವ ರಾಸಾಯನಿಕದ ಡಬ್ಬಿಗೆ ಯಾರೂ ಟೇಪು ಕತ್ತರಿಸುವುದಿಲ್ಲ.

ಬೆಲೆಗಳ ಅನುಪಾತ ಹೇಗೆ ತಲೆಕೆಳಗಾಗಿದೆ ನೋಡಿ. ತೀರ್ಪಿನ ಕಾಲದಲ್ಲಿ ಕಂಪನಿಯ ಮಾತ್ರೆಯ ಮುಂದೆ ಪರೀಕ್ಷೆಯ ಖರ್ಚು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ತಿಂಗಳ ಮಾತ್ರೆಗೆ ನಾನು ಕೊಡುವುದು ಎರಡು ಸಾವಿರ ರೂಪಾಯಿಯೊಳಗೆ. ಕಳೆದ ಬಾರಿಯ ವಂಶವಾಹಿ ಪರೀಕ್ಷೆಗೆ ಕೊಟ್ಟದ್ದು 6,500. ಅಂದರೆ ಒಂದು ಪರೀಕ್ಷೆ ಮೂರು ತಿಂಗಳ ಮಾತ್ರೆಗಿಂತ ದುಬಾರಿ. ಪಿಂಚಣಿಯಿರುವ, ಬೆಂಗಳೂರಿನಲ್ಲೇ ಮನೆಯಿರುವ ನನಗೆ ಇದು ತಡೆದುಕೊಳ್ಳಬಹುದಾದ ಭಾರ. ಯಾದಗಿರಿಯಿಂದ ರಾಜಧಾನಿಗೆ ಹತ್ತಿರ ಹತ್ತಿರ 500 ಕಿಲೋಮೀಟರು. ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಲ್ಲಿ ಬಡವರಿಗೆ ಅನುಕೂಲಗಳಿವೆ. ಹಾಗಿದ್ದರೂ ರೋಗಿ ಮತ್ತು ಜೊತೆಗೊಬ್ಬರು ಬಂದು, ಒಂದು ರಾತ್ರಿ ತಂಗಿ, ಹಿಂದಿರುಗುವಷ್ಟರಲ್ಲಿ ಇಬ್ಬರ ಮೂರು ದಿನಗಳ ದುಡಿಮೆ ಹೋಯಿತು. ಬಿತ್ತನೆಯ ಕಾಲವಾದರೆ ನಷ್ಟ ಇನ್ನೂ ದೊಡ್ಡದು. ಎಣಿಕೆ ನಾರ್ಮಲ್ ಇರುವಾಗ ಈ ಪ್ರಯಾಣವನ್ನೇ ಮೊದಲು ಕೈಬಿಡುತ್ತಾರೆ. ಪ್ರಯಾಣ ತಪ್ಪಿದರೆ ಅಲ್ಲಿ ಸಿಗುತ್ತಿದ್ದ ಮಾತ್ರೆಯೂ ತಪ್ಪುತ್ತದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ. ಸಂತೋಷದ ಸಂಗತಿ. ಆದರೆ ಆ ರೈತರು ಬಿಟ್ಟುಬಿಟ್ಟ ಪ್ರಯಾಣ, ಮಾಡಿಸದೆ ಹೋದ ಪರೀಕ್ಷೆ ಇಂಥ ಯಾವ ಲೆಕ್ಕದಲ್ಲೂ ವೆಚ್ಚವಾಗಿ ಕಾಣಿಸುವುದಿಲ್ಲ.

ಇದು ಅಪರೂಪದ ಕಾಯಿಲೆಯೊಂದರ ಕೆಲವರ ಗೋಳು ಎಂದು ತಳ್ಳಿಹಾಕುವವರಿಗೆ ಒಂದು ಮಾತು. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಸೇವಿಸುವವರು, ಮೂತ್ರಪಿಂಡ ಕಸಿಯ ನಂತರ ಅಜಥಯೊಪ್ರಿನ್ ಸೇವಿಸುವವರು, ಸ್ಕಿಜೋಫ್ರೇನಿಯಾಕ್ಕೆ ಕ್ಲೊಜಪೀನ್ ಸೇವಿಸುವವರು, ಇವರೆಲ್ಲರೂ ಬಿಳಿ ಕಣಗಳ ಮೇಲೆ ಕಣ್ಣಿಟ್ಟೇ ಬಾಳಬೇಕಾದವರು. ಈ ಔಷಧಗಳು ಎಣಿಕೆಯನ್ನು ಕುಸಿಯುವಂತೆ ಮಾಡಬಲ್ಲವು. ಇವರನ್ನೆಲ್ಲ ಒಟ್ಟು ಸೇರಿಸಿದರೆ ಅದು ಸಣ್ಣ ಗುಂಪಲ್ಲ. ಹಾಸಿಗೆ ಹಿಡಿಯದಿರುವುದೊಂದೇ ಅವರ ದೋಷ.

ದಾರಿಯೇ ಇಲ್ಲವೆಂದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಸರ್ಕಾರವೇ ಊರ ಹತ್ತಿರ, ಉಚಿತವಾಗಿ, ವರ್ಷಾನುಗಟ್ಟಲೆ ಬಿಳಿ ಕಣಗಳನ್ನು ಎಣಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2004ರ ಏಪ್ರಿಲ್ 1ರಂದು ಎಚ್‌ಐವಿ ಸೋಂಕಿತರಿಗೆ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದಾಗ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳನ್ನು ಮೊದಲು ಆರಿಸಿಕೊಂಡರು, ಕರ್ನಾಟಕ ಅವುಗಳಲ್ಲೊಂದು. ಸಿಡಿ4 ಎಂಬುದು ಬಿಳಿ ಕಣಗಳದೇ ಒಂದು ಬಗೆ. ಅದರ ಎಣಿಕೆ ಚಿಕಿತ್ಸೆಯ ಬೆನ್ನೆಲುಬಾಗಿತ್ತು. ಆ ಪರೀಕ್ಷೆಗೆ ರೋಗಿ ಹಣ ಕೊಡಬೇಕಾಗಿರಲಿಲ್ಲ. ರೋಗಿಗಳು ದೂರದ ಕೇಂದ್ರಕ್ಕೆ ಬರಲಾಗದೆ ಔಷಧ ಬಿಡುತ್ತಿರುವುದು ಕಂಡಾಗ ಅವರ ಊರಿಗೆ ಸಮೀಪದಲ್ಲಿ ಲಿಂಕ್ ಎಆರ್‌ಟಿ ಕೇಂದ್ರಗಳನ್ನು ತೆರೆದರು. ಮುಂದೆ ವೈರಾಣುವಿನ ಪ್ರಮಾಣವನ್ನೇ ಅಳೆಯುವ ಪರೀಕ್ಷೆಯೂ ಉಚಿತವಾಯಿತು. ನನ್ನ ಕಾಯಿಲೆಯ ವಂಶವಾಹಿ ಪರೀಕ್ಷೆಗೂ ಅದಕ್ಕೂ ತತ್ವದಲ್ಲಿ ಹೆಚ್ಚಿನ ಅಂತರವಿಲ್ಲ. ಮಾತ್ರೆ, ಎಣಿಕೆ, ಹತ್ತಿರದ ಕೇಂದ್ರ, ತಪ್ಪಿಸಿಕೊಂಡವರನ್ನು ಹುಡುಕುವ ಆಪ್ತಸಮಾಲೋಚಕ, ಇವೆಲ್ಲವೂ ಒಂದೇ ಕಾರ್ಯಕ್ರಮದ ಅಂಗಗಳೆಂದು ಆ ಯೋಜನೆಯನ್ನು ರೂಪಿಸಿದವರಿಗೆ ಹೊಳೆದಿತ್ತು. ಅದು ಸಾಂಕ್ರಾಮಿಕ, ಇದು ಅಲ್ಲ. ಆದ್ದರಿಂದ ಅಲ್ಲಿ ಸಾರ್ವಜನಿಕ ಹಿತವಿತ್ತು, ಇಲ್ಲಿ ಇಲ್ಲವೆಂದು ವಾದಿಸಬಹುದು. ನಲವತ್ತು ತುಂಬದ ದುಡಿಯುವ ಕೈಯೊಂದನ್ನು ಎರಡು ಸಾವಿರದ ಮಾತ್ರೆಯಿಂದ ಉಳಿಸಿಕೊಳ್ಳಬಹುದಾಗಿದ್ದರೂ ಕಳೆದುಕೊಳ್ಳುವುದು ಯಾವ ಹಿತ ಎಂಬ ಪ್ರಶ್ನೆಗೆ ಆ ವಾದಿಗಳೇ ಉತ್ತರಿಸಲಿ.

ಆಗಬೇಕಾದುದು ದೊಡ್ಡದೇನಲ್ಲ. ಸಂಪೂರ್ಣ ರಕ್ತಕಣ ಎಣಿಕೆ 2015ರಲ್ಲಿ ಆರಂಭವಾದ ಉಚಿತ ರೋಗಪತ್ತೆ ಸೇವೆಯ ಪಟ್ಟಿಯಲ್ಲಿ ಈಗಾಗಲೇ ಇದೆ. ಅದು ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷದ ಎಲ್ಲ ತಿಂಗಳೂ ನಡೆಯಬೇಕು, ರಾಸಾಯನಿಕ ಮುಗಿದಿದೆ ಎಂಬ ಚೀಟಿ ಬಾಗಿಲಿಗೆ ಬೀಳಬಾರದು. ವಂಶವಾಹಿ ಪರೀಕ್ಷೆಯ ಯಂತ್ರವನ್ನು ಪ್ರತಿ ಜಿಲ್ಲೆಯಲ್ಲೂ ಇಡುವ ಅಗತ್ಯವಿಲ್ಲ. ರೋಗಿಯ ಬದಲು ರಕ್ತದ ನಳಿಕೆ ಪ್ರಯಾಣ ಮಾಡಲಿ. ಕ್ಷಯರೋಗಿಗಳ ಕಫದ ಮಾದರಿಯನ್ನು ಅಂಚೆ ಇಲಾಖೆಯ ಮೂಲಕ ಪ್ರಯೋಗಾಲಯಕ್ಕೆ ತಲುಪಿಸುವ ಏರ್ಪಾಟನ್ನು ನಮ್ಮಲ್ಲಿ ಮಾಡಿದ್ದಾರೆ. ಕಲಬುರಗಿಯಲ್ಲಿ ಕಿದ್ವಾಯಿಯ ಉಪಕೇಂದ್ರವಿದೆ. ಯಾದಗಿರಿಯ ರೋಗಿಯ ಮಾತ್ರೆ ಅಲ್ಲಿಂದ, ಅಥವಾ ಅವರ ಜಿಲ್ಲಾಸ್ಪತ್ರೆಯ ಔಷಧಾಲಯದಿಂದಲೇ, ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಸಿಗುವಂತಾಗಬೇಕು. ತಜ್ಞರನ್ನು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಕಂಡರೆ ಸಾಕಾಗುವ ರೋಗಿಗಳೇ ಹೆಚ್ಚು.

ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಪ್ರಾಧಿಕಾರವಂತೂ ಬೇಡವೇ ಬೇಡ. ಈಗಿರುವ ಯೋಜನೆಯ ಪ್ಯಾಕೇಜು ಪಟ್ಟಿಗೆ 'ದೀರ್ಘಕಾಲಿಕ ನಿಗಾ' ಎಂಬ ಒಂದು ಬಾಬತ್ತು, ದಾಖಲಾತಿಯ ಷರತ್ತಿಲ್ಲದೆ. ಅದರ ಅಂದಾಜು ವೆಚ್ಚವನ್ನು ಆರೋಗ್ಯ ಇಲಾಖೆ ತಯಾರಿಸಿ, ಮುಂಗಡಪತ್ರಕ್ಕೆ ಪ್ರಸ್ತಾವಗಳನ್ನು ಕೋರಿ ಆರ್ಥಿಕ ಇಲಾಖೆ ಹೊರಡಿಸುವ ಸುತ್ತೋಲೆಯ ಗಡುವಿನೊಳಗೆ ಕಳುಹಿಸಬೇಕು. ಗಡುವು ದಾಟಿ ಬಂದ ಕಡತ ಮುಂದಿನ ವರ್ಷಕ್ಕೆ ಹೋಗುತ್ತದೆ. ಹಾಗೆ ಮುಂದೂಡಿದ ಕಡತಗಳ ಗತಿಯೇನೆಂಬುದು ನನ್ನಂತೆ ಸಚಿವಾಲಯದಲ್ಲಿ ದುಡಿದವರಿಗೆಲ್ಲ ಗೊತ್ತು.